ಸೋಯಾಗೆ ರೇಟಿಲ್ಲ, ಸೀಗಡಿ ಫೀಡ್ ತುಟ್ಟಿ: ಉತ್ತರ ಇರುವುದು ಸೀಗಡಿಯ ಹೊಟ್ಟೆಯಲ್ಲಿ

2025–26ಕ್ಕೆ ಸೋಯಾಬೀನ್‌ಗೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ ₹5,328. ಸುಗ್ಗಿಯಲ್ಲಿ ಪೇಟೆ ದರ ಮಾತ್ರ ಅದಕ್ಕಿಂತ ಕೆಳಗೇ ಓಡಾಡಿತು. ಅದೇ 2025ರ ಫೆಬ್ರವರಿ 1ರ ಬಜೆಟ್‌ನಲ್ಲಿ ಇನ್ನೊಂದು ಸಣ್ಣ ಸುದ್ದಿ ಇತ್ತು, ಬಹಳ ಜನ ಗಮನಿಸಲಿಲ್ಲ. ಮೀನು ಮತ್ತು ಸೀಗಡಿ ಫೀಡ್ ತಯಾರಿಸಲು ಹೊರದೇಶದಿಂದ ತರಿಸುವ, ಮೀನಿನ ಪ್ರೋಟೀನ್‌ನಿಂದ ಮಾಡಿದ ಫಿಶ್ ಹೈಡ್ರೊಲೈಸೇಟ್ ಎಂಬ ಸರಕಿನ ಮೇಲಿನ ಸುಂಕವನ್ನು ಶೇ 15ರಿಂದ ಶೇ 5ಕ್ಕೆ ಇಳಿಸಿದರು.

ಈ ಎರಡನ್ನೂ ಅಕ್ಕಪಕ್ಕ ಇಟ್ಟರೆ ಬೀದರ್ ಕಡೆಯ ಸೋಯಾ ರೈತನಿಗೆ ಸಿಟ್ಟು ಬರುವುದು ಸಹಜ. ಪ್ರೋಟೀನ್ ಬೇಕು ಅಂತ ಹೊರಗಿನ ಮೀನಿನ ಸರಕಿಗೆ ಸುಂಕ ಇಳಿಸ್ತೀರಿ, ಇಲ್ಲಿ ಪ್ರೋಟೀನ್ ತುಂಬಿದ ಸೋಯಾ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಕೇಳೋರಿಲ್ಲದೆ ಬಿದ್ದಿದೆ, ಇದ್ಯಾವ ನ್ಯಾಯ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರೊಳಗೆ ಒಂದು ತಪ್ಪು ತಿಳಿವಳಿಕೆ ಸೇರಿಕೊಂಡಿದೆ. ಪ್ರೋಟೀನ್ ಅಂದರೆ ಎಲ್ಲಿಂದ ಬಂದರೂ ಒಂದೇ ಅನ್ನುವ ಲೆಕ್ಕ ಅದು. ಸೀಗಡಿಯ ಹೊಟ್ಟೆ ಈ ಲೆಕ್ಕವನ್ನು ಒಪ್ಪುವುದಿಲ್ಲ.

ಸಮುದ್ರವಿಲ್ಲದ ಊರಿಗೆ ಸೀಗಡಿ ಸುದ್ದಿ ಯಾಕೆ?

ಭಾರತ 2024–25ರಲ್ಲಿ ₹62,408 ಕೋಟಿಯ ಮೀನು ಉತ್ಪನ್ನ ರಫ್ತು ಮಾಡಿತು. ಅದರಲ್ಲಿ ಶೀತಲೀಕರಿಸಿದ ಸೀಗಡಿಯೊಂದರದ್ದೇ ₹43,334 ಕೋಟಿ. ದೊಡ್ಡ ಗಿರಾಕಿ ಅಮೆರಿಕ. 2025ರ ಆಗಸ್ಟ್‌ನಲ್ಲಿ ಅಮೆರಿಕ ಮೊದಲು ಶೇ 25, ಅದೇ ತಿಂಗಳ 27ಕ್ಕೆ ಮತ್ತೆ ಶೇ 25 ಸುಂಕ ಹೇರಿದಾಗ ಮೊದಲ ಏಟು ಬಿದ್ದದ್ದು ಆಂಧ್ರದ ಸೀಗಡಿ ಹೊಂಡಗಳಿಗೆ. ಮಾರುವ ದರ ಕೈಯಲ್ಲಿಲ್ಲ ಅಂದಾಗ ರೈತ ಏನು ಮಾಡ್ತಾನೆ? ಖರ್ಚಿನ ಕಡೆ ನೋಡ್ತಾನೆ. ಸೀಗಡಿ ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಫೀಡಿಗೇ. ಹಾಗಾಗಿ ಫೀಡ್ ದರ ಇಳಿಸಿ ಅನ್ನುವ ಕೂಗು ಎದ್ದಿತು. ಫೀಡ್ ಅಂದ ಕೂಡಲೇ ಸೋಯಾ ಹಿಂಡಿಯ ಮಾತು ಬಂತು. ಅಲ್ಲಿಗೆ ಸುದ್ದಿ ಬೀದರ್‌ಗೂ ಮುಟ್ಟಿತು.

ಇನ್ನೂ ಹತ್ತಿರದ ನಂಟೂ ಇದೆ. ಯಾದಗಿರಿಯ ಶಹಾಪುರ, ಸುರಪುರ ಕಡೆ ನಾರಾಯಣಪುರ ಎಡದಂಡೆ ಕಾಲುವೆ ನೀರು ಬಂದ ಮೇಲೆ ಭತ್ತ ಬಂತು, ಅದರ ಹಿಂದೆಯೇ ತಗ್ಗಿನ ಹೊಲಗಳಲ್ಲಿ ಸವಳು–ಜವಳೂ ಬಂತು. ಬೆಳೆ ಬಾರದ ಇಂಥ ನೆಲದಲ್ಲಿ ಹೊಂಡ ತೋಡಿ ಮೀನು, ಸೀಗಡಿ ಬಿಡಿ ಅನ್ನುವ ಸಲಹೆ ಹೊಸದಲ್ಲ. 2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಇದಕ್ಕೆ ಸಾಮಾನ್ಯ ವರ್ಗದವರಿಗೆ ಶೇ 40, ಪರಿಶಿಷ್ಟರಿಗೂ ಮಹಿಳೆಯರಿಗೂ ಶೇ 60 ಸಹಾಯಧನ ಇಟ್ಟರು. ಅಂದಹಾಗೆ, ಬೀದರ್‌ಗೂ ಮೀನಿಗೂ ಏನು ಸಂಬಂಧ ಅಂತ ನಗುವವರಿಗೆ ಒಂದು ಮಾತು: ಹೆಸರಲ್ಲೇ ಮೀನುಗಾರಿಕೆ ಇರುವ ರಾಜ್ಯದ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ಬೀದರ್‌ನ ನಂದಿನಗರದಲ್ಲೇ. ಅದರ ಮೀನುಗಾರಿಕೆ ಕಾಲೇಜು ಮಾತ್ರ 1969ರಿಂದ ಮಂಗಳೂರಿನಲ್ಲಿದೆ.

ರೊಟ್ಟಿ–ಬ್ಯಾಳಿಯ ಲೆಕ್ಕ

ಜೋಳದ ರೊಟ್ಟಿ ಜೊತೆ ತೊಗರಿ ಬ್ಯಾಳಿ ಯಾಕೆ ಹೊಂದುತ್ತದೆ? ರುಚಿ ಬಿಡಿ, ಒಳಗಿನ ಲೆಕ್ಕವೂ ಹೊಂದುತ್ತದೆ. ಪ್ರೋಟೀನ್ ಅನ್ನುವುದು ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಜೋಳದಲ್ಲಿ ಲೈಸಿನ್ ಎಂಬ ಮಣಿ ಕಮ್ಮಿ. ತೊಗರಿಯಲ್ಲಿ ಲೈಸಿನ್ ಬೇಕಾದಷ್ಟಿದೆ, ಆದರೆ ಮೆಥಿಯೋನಿನ್ ಕಮ್ಮಿ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬರೀ ಬ್ಯಾಳಿ ಎಷ್ಟು ಕುಡಿದರೂ ಮೆಥಿಯೋನಿನ್ ಕೊರತೆ ಕೊರತೆಯಾಗೇ ಉಳಿಯುತ್ತದೆ, ಉಳಿದ ಮಣಿಗಳು ಸುಮ್ನೆ ಸುಟ್ಟುಹೋಗುತ್ತವೆ.

ಸೀಗಡಿಗೂ ಇದೇ ಕಥೆ. ತನ್ನ ಮೈಯಲ್ಲಿ ತಾನೇ ಮಾಡಿಕೊಳ್ಳಲಾಗದ ಹತ್ತು ಅಮೈನೋ ಆಮ್ಲಗಳು ಅದಕ್ಕೆ ಆಹಾರದಿಂದಲೇ ಬರಬೇಕು. ಹತ್ತರಲ್ಲಿ ಒಂಬತ್ತು ಧಾರಾಳವಾಗಿದ್ದು ಒಂದು ಅರ್ಧಕ್ಕೆ ನಿಂತರೆ ಬೆಳವಣಿಗೆಯೂ ಅಲ್ಲಿಗೇ ನಿಲ್ಲುತ್ತದೆ. ಮೀನುಪುಡಿಯಲ್ಲಿ ಈ ಹತ್ತೂ ಸೀಗಡಿಯ ಮೈಗೆ ಬೇಕಾದ ಅಳತೆಗೆ ಹತ್ತಿರದಲ್ಲಿವೆ. ಸೋಯಾ ಹಿಂಡಿಯಲ್ಲಿ ಲೈಸಿನ್ ಚೆನ್ನಾಗಿದೆ, ಮೆಥಿಯೋನಿನ್ ಸಾಲದು. ಸೋಯಾ ಕೂಡ ಕಾಳೇ ತಾನೆ, ತೊಗರಿಯ ಬಂಧು.

ಹಾಗಂತ ಸೋಯಾ ಕಳಪೆ ಅಲ್ಲ. ಹಿಂಡಿಗಳ ಪೈಕಿ ಅದೇ ಮೇಲು. ಎಣ್ಣೆ ತೆಗೆದ ಸೋಯಾ ಹಿಂಡಿಯಲ್ಲಿ ಶೇ 44ರಿಂದ 48 ಪ್ರೋಟೀನ್, ಒಳ್ಳೆಯ ಮೀನುಪುಡಿಯಲ್ಲಿ ಶೇ 60–65. ಇವತ್ತಿನ ಸೀಗಡಿ ಫೀಡ್‌ನಲ್ಲಿ ಸೋಯಾ ಹಿಂಡಿ ಸಾಮಾನ್ಯವಾಗಿ ಶೇ 20ರಿಂದ 40ರವರೆಗೆ ಇರುತ್ತದೆ. ಸೋಯಾ ಹಾಕಬಾರದಾ ಅಂತ ಕೇಳುವ ರೈತನಿಗೆ ಮೊದಲ ಉತ್ತರ ಇದೇ: ಈಗಾಗಲೇ ಹಾಕ್ತಿದ್ದಾರೆ, ಜಾಸ್ತಿಯೇ ಹಾಕ್ತಿದ್ದಾರೆ. ಪ್ರಶ್ನೆ ಇರುವುದು ಉಳಿದ ಭಾಗದ ಬಗ್ಗೆ.

ಚೀಲದ ಮೇಲಿನ ಅಂಕಿ ಏನು ಹೇಳುವುದಿಲ್ಲ

ಫೀಡ್ ಚೀಲದ ಮೇಲೆ ದಪ್ಪಗೆ ಬರೆದಿರುವ "ಪ್ರೋಟೀನ್ ಶೇ 36" ಅನ್ನುವುದನ್ನು ಯಾರೂ ನೇರವಾಗಿ ಅಳೆದಿರುವುದಿಲ್ಲ. ಲ್ಯಾಬ್‌ನಲ್ಲಿ ಅಳೆಯುವುದು ಸಾರಜನಕವನ್ನು. ಬಂದ ಅಂಕಿಯನ್ನು 6.25ರಿಂದ ಗುಣಿಸುತ್ತಾರೆ, ಬಂದದ್ದೇ ಪ್ರೋಟೀನ್ ಅಂತ ಬರೆಯುತ್ತಾರೆ. ಪ್ರೋಟೀನ್‌ನಲ್ಲಿ ಸುಮಾರು ಶೇ 16 ಸಾರಜನಕ ಇರುವುದರಿಂದ ಈ ಗುಣಾಕಾರ. ಲೆಕ್ಕ ತಪ್ಪಲ್ಲ, ಆದರೆ ಅದರಲ್ಲಿ ತೂತಿದೆ. ಹೊಲಕ್ಕೆ ಹಾಕುವ ಯೂರಿಯಾದಲ್ಲೂ ಸಾರಜನಕ ಇದೆ. ಹಿಂಡಿಗೆ ಒಂದು ಹಿಡಿ ಯೂರಿಯಾ ಬೆರೆಸಿದರೆ ಪ್ರೋಟೀನ್ ಅಂಕಿ ಏರುತ್ತದೆ, ಪ್ರಾಣಿಗೆ ಒಂದು ಗುಂಜಿ ಪ್ರೋಟೀನ್ ಸಿಗುವುದಿಲ್ಲ. 2007ರಲ್ಲಿ ನಾಯಿ–ಬೆಕ್ಕಿನ ಆಹಾರದಲ್ಲಿ, 2008ರಲ್ಲಿ ಚೀನಾದ ಹಾಲಿನಪುಡಿಯಲ್ಲಿ ಮೆಲಮಿನ್ ಬೆರೆಸಿದ ಹಗರಣಗಳು ನಡೆದದ್ದು ಇದೇ ತೂತಿನಿಂದ.

ಕಲಬೆರಕೆಯ ಮಾತು ಬಿಟ್ಟರೂ ಆ ಅಂಕಿ ಎರಡು ಮುಖ್ಯ ಸಂಗತಿ ಹೇಳುವುದಿಲ್ಲ. ಒಂದು, ಆ ಪ್ರೋಟೀನ್‌ನಲ್ಲಿ ಎಷ್ಟು ಜೀರ್ಣವಾಗುತ್ತದೆ. ಇನ್ನೊಂದು, ಅದರಲ್ಲಿ ಯಾವ ಮಣಿ ಎಷ್ಟಿದೆ. ಗರಿ, ಚರ್ಮ, ಗೊರಸಿನಲ್ಲೂ ಪ್ರೋಟೀನ್ ಇದೆ ಅಲ್ವಾ? ಶೇ 40 ಅಂತ ಬರೆದ ಒಂದು ಚೀಲ ಶೇ 32ರ ಇನ್ನೊಂದು ಚೀಲಕ್ಕಿಂತ ಕೆಟ್ಟದಾಗಿರಲು ಸಾಧ್ಯ. ಅಂಕಿ ನೋಡಿ ಚೀಲ ಆರಿಸುವುದು ಹೋರಿಯ ಬಣ್ಣ ನೋಡಿ ವ್ಯಾಪಾರ ಮಾಡಿದ ಹಾಗೆ.

ಯಾರಿಗೆ ಎಷ್ಟು ಬೇಕು

ಎಲ್ಲ ಸೀಗಡಿಯೂ ಒಂದೇ ಅಲ್ಲ. ಆಂಧ್ರದ ಹೊಂಡಗಳಲ್ಲಿ ತುಂಬಿರುವ ವನ್ನಾಮಿ ಎಂಬ ಜಾತಿಗೆ ಆಹಾರದಲ್ಲಿ ಶೇ 30ರಿಂದ 40ರೊಳಗೆ ಪ್ರೋಟೀನ್ ಸಾಕು. ಮೊದಲು ಜೋರಾಗಿದ್ದ ಹುಲಿ ಸೀಗಡಿ ಇನ್ನೂ ಸ್ವಲ್ಪ ಮಾಂಸಪ್ರಿಯ, ಅದಕ್ಕೆ ಶೇ 40ರ ಆಸುಪಾಸು ಬೇಕು. ನಮ್ಮ ಭಾಗಕ್ಕೆ ಹೊಂದುವ ಸಿಹಿನೀರಿನ ದೊಡ್ಡ ಸೀಗಡಿ, ಅಂದರೆ ನೀಲಿ ಚಿಮಟದ ಸ್ಕ್ಯಾಂಪಿಗೆ ಶೇ 30ರ ಹತ್ತಿರ ಇದ್ದರೆ ನಡೆಯುತ್ತದೆ. ಹೊಂಡದಲ್ಲಿ ಹುಳ, ಸಣ್ಣ ಬಸವನಹುಳು, ಕೊಳೆತ ಎಲೆ, ಪಾಚಿ ಚೆನ್ನಾಗಿದ್ದರೆ ಇನ್ನೂ ಕಮ್ಮಿ ಸಾಕು, ಯಾಕೆಂದರೆ ಅದು ತಳದಲ್ಲಿ ಹೆಕ್ಕಿ ತಿನ್ನುವ ಪ್ರಾಣಿ. ಮರಿಗಳಿಗೆ ಎಲ್ಲ ಜಾತಿಯಲ್ಲೂ ಜಾಸ್ತಿ ಬೇಕು, ಬೆಳೆದಂತೆ ಬೇಡಿಕೆ ಇಳಿಯುತ್ತದೆ.

ಕ್ರೇಫಿಶ್ ಕಥೆ ಇನ್ನೂ ಮಜವಾಗಿದೆ. ನಮ್ಮ ಹಳ್ಳದ ಏಡಿಗೂ ಸೀಗಡಿಗೂ ನಡುವಿನ ನೆಂಟನ ಹಾಗೆ ಕಾಣುವ, ಎರಡು ದೊಡ್ಡ ಚಿಮಟ ಇರುವ ಪ್ರಾಣಿ ಅದು. ಅಮೆರಿಕದ ಲೂಸಿಯಾನಾದಲ್ಲಿ ಭತ್ತದ ಗದ್ದೆಯಲ್ಲೇ ಅದನ್ನು ಬೆಳೆಸುತ್ತಾರೆ. ಭತ್ತ ಕೊಯ್ದ ಮೇಲೆ ಗದ್ದೆಗೆ ಮತ್ತೆ ನೀರು ಬಿಡುತ್ತಾರೆ, ಹುಲ್ಲು ಕೊಳೆಯುತ್ತದೆ, ಕೊಳೆತ ಹುಲ್ಲಿನ ಮೇಲೆ ಸೂಕ್ಷ್ಮಜೀವಿ, ಅದನ್ನು ತಿನ್ನುವ ಹುಳ, ಹುಳವನ್ನು ತಿನ್ನುವ ಕ್ರೇಫಿಶ್. ಚೀಲದ ಫೀಡ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಚೀನಾದಲ್ಲಿ ಹುಬೈ ಪ್ರಾಂತ್ಯದ ಗದ್ದೆಗಳು ಇದಕ್ಕೆ ಹೆಸರುವಾಸಿ, ಆ ದೇಶ ವರ್ಷಕ್ಕೆ 20 ಲಕ್ಷ ಟನ್‌ಗಿಂತ ಜಾಸ್ತಿ ಬೆಳೆಯುತ್ತದೆ.

ಸುರಪುರದ ಭತ್ತದ ಗದ್ದೆಗೂ ಇದನ್ನೇ ಬಿಟ್ಟರೆ ಹೇಗೆ ಅಂತ ತಲೆಗೆ ಬರುವುದು ಸಹಜ. ಬೇಡ. ಕೆಂಪು ಕ್ರೇಫಿಶ್ ಬದುವಿನಲ್ಲಿ ಬಿಲ ತೋಡುತ್ತದೆ, ನೀರು ಸೋರಿ ಹೋಗುತ್ತದೆ. ತಪ್ಪಿಸಿಕೊಂಡು ಕಾಲುವೆ ಸೇರಿದರೆ ಕೃಷ್ಣೆ–ಭೀಮೆಯ ಸ್ಥಳೀಯ ಜೀವಿಗಳ ಮೇಲೇ ಬೀಳುತ್ತದೆ. ಯುರೋಪ್‌ನಲ್ಲಿ ಅಮೆರಿಕದ ಕ್ರೇಫಿಶ್‌ಗಳು ತಂದ ರೋಗಕ್ಕೆ ಅಲ್ಲಿಯ ಸ್ವಂತ ಜಾತಿಗಳು ಊರೂರೇ ಖಾಲಿಯಾಗಿವೆ. ಕ್ರೇಫಿಶ್‌ನಿಂದ ಕಲಿಯಬೇಕಾದದ್ದು ಬೇರೆ: ಪ್ರೋಟೀನ್ ಎಲ್ಲವೂ ಚೀಲದಿಂದಲೇ ಬರಬೇಕು ಅಂತಿಲ್ಲ.

ಕೊಬ್ಬು: ಸ್ವಲ್ಪವೇ ಬೇಕು, ಆದರೆ ಬೇಕೇ ಬೇಕು

ಜಾಸ್ತಿ ಜನ ತಪ್ಪುವುದು ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳಬೇಕು. ಮೀನಿಗೆ ಎಣ್ಣೆ ಜಾಸ್ತಿ ಕೊಟ್ಟರೆ ಅದು ಶಕ್ತಿಗೆ ಎಣ್ಣೆ ಸುಟ್ಟು ಪ್ರೋಟೀನ್ ಉಳಿಸುತ್ತದೆ. ಹಾಗಾದರೆ ಸೀಗಡಿಗೂ ಎಣ್ಣೆ ಸುರಿದರೆ ಖರ್ಚು ಕಮ್ಮಿಯಾಗಬೇಕಲ್ಲ? ಆಗುವುದಿಲ್ಲ. ಸೀಗಡಿಯ ಮೈ ಕೊಬ್ಬು ಕೂಡಿಡುವ ಮೈ ಅಲ್ಲ. ನಮ್ಮಲ್ಲಿ ಯಕೃತ್ತು, ಮೇದೋಜೀರಕ ಎಂಬ ಎರಡು ಅಂಗ ಮಾಡುವ ಕೆಲಸವನ್ನು ಅದರಲ್ಲಿ ತಲೆಯೊಳಗಿನ ಒಂದೇ ಗ್ರಂಥಿ ಮಾಡುತ್ತದೆ, ಕೊಬ್ಬು ಕೂಡುವುದೂ ಅಲ್ಲೇ. ಜಾಗ ಸಣ್ಣದು. ಆಹಾರದಲ್ಲಿ ಕೊಬ್ಬು ಶೇ 5ರಿಂದ 8 ಇದ್ದರೆ ಹಿತ, ಶೇ 10 ದಾಟಿದರೆ ತಿನ್ನುವುದು ಕಮ್ಮಿಯಾಗಿ ಬೆಳವಣಿಗೆ ಕುಂಟುತ್ತದೆ.

ಆದರೆ ಆ ಸ್ವಲ್ಪದೊಳಗೆ ಮೂರು ಸಂಗತಿ ಇರಲೇಬೇಕು. ಮೊದಲನೆಯದು ಕೊಲೆಸ್ಟ್ರಾಲ್. ಡಾಕ್ಟರ್ ಕಮ್ಮಿ ಮಾಡಿ ಅನ್ನುತ್ತಾರಲ್ಲ, ಅದೇ. ನಮ್ಮ ಮೈ ಅದನ್ನು ತಾನೇ ತಯಾರಿಸುತ್ತದೆ, ಸೀಗಡಿ–ಏಡಿ–ಕ್ರೇಫಿಶ್ ಜಾತಿಗೆ ಆ ಶಕ್ತಿಯೇ ಇಲ್ಲ. ಸೀಗಡಿ ಬೆಳೆಯುವುದು ಹಾವಿನ ಹಾಗೆ ಪೊರೆ ಕಳಚಿಯೇ. ಹಳೆ ಚಿಪ್ಪು ಬಿಟ್ಟು, ಮೆತ್ತಗಿರುವ ಹೊತ್ತಿನಲ್ಲಿ ಮೈ ಹಿಗ್ಗಿಸಿಕೊಂಡು, ಹೊಸ ಚಿಪ್ಪು ಗಟ್ಟಿ ಮಾಡಿಕೊಳ್ಳಬೇಕು. ಪೊರೆ ಕಳಚು ಅಂತ ಮೈಗೆ ಹೇಳುವ ಹಾರ್ಮೋನ್ ತಯಾರಾಗುವುದು ಕೊಲೆಸ್ಟ್ರಾಲ್‌ನಿಂದ. ಅದಿಲ್ಲದಿದ್ದರೆ ಪೊರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಂಡ ಸೀಗಡಿಯನ್ನು ಪಕ್ಕದ್ದು ತಿನ್ನುತ್ತದೆ. ಗಿಡದಲ್ಲಿ ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಸೋಯಾ ಎಷ್ಟೇ ಹಾಕಿ, ಈ ಕೊರತೆ ತುಂಬುವುದಿಲ್ಲ. ಮೀನುಪುಡಿ, ಮೀನೆಣ್ಣೆ, ಸೀಗಡಿ ತಲೆಯ ಪುಡಿ, ಸ್ಕ್ವಿಡ್ ಪುಡಿ, ಇವುಗಳಿಂದ ಬರಬೇಕು.

ಇನ್ನೊಂದು ದಾರಿಯೂ ಇದೆ, ಕುರಿ ಸಾಕುವ ನಮ್ಮ ಸೀಮೆಯವರಿಗೆ ಕೇಳಿ ನಗು ಬರಬಹುದು. ಸೀಗಡಿ ಫೀಡಿಗೆ ಬೆರೆಸುವ ಶುದ್ಧ ಕೊಲೆಸ್ಟ್ರಾಲ್ ಪುಡಿಯನ್ನು ಕುರಿಯ ಉಣ್ಣೆಗೆ ಅಂಟಿರುವ ಜಿಡ್ಡಿನಿಂದ ತೆಗೆಯುತ್ತಾರೆ. ಕಂಬಳಿಗೆ ಉಣ್ಣೆ ತೊಳೆಯುವಾಗ ಕೈಗೆ ಹತ್ತುವ ಜಿಡ್ಡೇ. ದಕ್ಕನಿ ಕುರಿಯ ಒರಟು ಉಣ್ಣೆಯಿಂದ ಇಂಥ ವ್ಯಾಪಾರ ನಡೆಯುತ್ತದೆ ಅಂತ ಕನಸು ಕಾಣಬೇಡಿ, ಅದು ಜಿಡ್ಡು ಜಾಸ್ತಿ ಇರುವ ನಯವಾದ ಉಣ್ಣೆಯ ಕೆಲಸ.

ಎರಡನೆಯದು ಫಾಸ್ಫೋಲಿಪಿಡ್, ಫೀಡ್ ಮಾರುವವರ ಬಾಯಲ್ಲಿ ಲೆಸಿಥಿನ್. ತಿಂದ ಕೊಬ್ಬನ್ನೂ ಕೊಲೆಸ್ಟ್ರಾಲನ್ನೂ ಮೈಯೆಲ್ಲ ಸಾಗಿಸುವ ಗಾಡಿ ಅದು. ಕೊಲೆಸ್ಟ್ರಾಲ್ ಇದ್ದರೂ ಗಾಡಿ ಇಲ್ಲದಿದ್ದರೆ ಸರಕು ಕದಲುವುದಿಲ್ಲ. ವನ್ನಾಮಿ ಮೇಲೆ ನಡೆದ ಪ್ರಯೋಗವೊಂದರಲ್ಲಿ ಫಾಸ್ಫೋಲಿಪಿಡ್ ಬೆರೆಸದಿದ್ದಾಗ ಶೇ 0.35 ಕೊಲೆಸ್ಟ್ರಾಲ್ ಬೇಕಾಗಿತ್ತು. ಶೇ 5 ಫಾಸ್ಫೋಲಿಪಿಡ್ ಬೆರೆಸಿದಾಗ ಶೇ 0.05 ಸಾಕಾಯಿತು. ಟನ್ ಫೀಡಿನ ಲೆಕ್ಕದಲ್ಲಿ ಮೂರೂವರೆ ಕೆಜಿ ಹೋಗಿ ಅರ್ಧ ಕೆಜಿ! ಕೊಲೆಸ್ಟ್ರಾಲ್ ಬಹಳ ತುಟ್ಟಿಯ ಸರಕಾದ್ದರಿಂದ ಇದು ಸಣ್ಣ ಮಾತಲ್ಲ.

ಮತ್ತೆ ಈ ಲೆಸಿಥಿನ್ ಎಲ್ಲಿಂದ ಬರುತ್ತದೆ? ಸೋಯಾದಿಂದಲೇ. ಸೋಯಾ ಎಣ್ಣೆ ಶುದ್ಧ ಮಾಡುವಾಗ ತಳಕ್ಕೆ ಕೂರುವ ಅಂಟು ಪದಾರ್ಥವೇ ಲೆಸಿಥಿನ್. ಅಂದರೆ ಬೀದರ್ ರೈತ ಬೆಳೆದ ಕಾಳು ಸೀಗಡಿಗೆ ಬರೀ ಪ್ರೋಟೀನ್ ಅಲ್ಲ, ಕೊಬ್ಬಿನ ಗಾಡಿಯನ್ನೂ ಕೊಡುತ್ತದೆ. ಈ ವಿಷಯ ಸೋಯಾ ದರದ ಗಲಾಟೆಯಲ್ಲಿ ಯಾರೂ ಎತ್ತುವುದಿಲ್ಲ.

ಮೂರನೆಯದು ಮೀನೆಣ್ಣೆಯಲ್ಲಿರುವ ಇಪಿಎ, ಡಿಎಚ್‌ಎ ಎಂಬ ಕೊಬ್ಬಿನಾಮ್ಲಗಳು. ಸಮುದ್ರದ ಸೀಗಡಿಗೆ ಇವು ಬೇಕು. ಸಿಹಿನೀರಿನ ಸ್ಕ್ಯಾಂಪಿ ಕಮ್ಮಿಯಲ್ಲೇ ನಿಭಾಯಿಸುತ್ತದೆ.

ಹಾಗಾದರೆ ಸುಂಕ ಇಳಿಸಿದ್ದು ಸೋಯಾಗೆ ವಿರುದ್ಧವಾ?

ಹೈಡ್ರೊಲೈಸೇಟ್ ಅಂದರೆ ಮೀನಿನ ಪ್ರೋಟೀನ್ ಅನ್ನು ಕಿಣ್ವಗಳಿಂದ ಮೊದಲೇ ತುಂಡು ತುಂಡು ಮಾಡಿದ ಸರಕು. ಅರ್ಧ ಜೀರ್ಣ ಆಗಿಯೇ ಬಂದ ಪ್ರೋಟೀನ್ ಅನ್ನಿ. ಅದರಿಂದ ಎರಡು ಲಾಭ: ಬೇಗ ಜೀರ್ಣವಾಗುತ್ತದೆ, ಮತ್ತು ನೀರಿನಲ್ಲಿ ವಾಸನೆ ಬಿಡುತ್ತದೆ. ಸೀಗಡಿ ಕಣ್ಣಿಂದ ಊಟ ಹುಡುಕುವುದಕ್ಕಿಂತ ವಾಸನೆಯಿಂದ ಹುಡುಕುವುದೇ ಜಾಸ್ತಿ. ಸೋಯಾ ಹೆಚ್ಚಿದಷ್ಟೂ ಫೀಡ್‌ನ ವಾಸನೆ ಸಪ್ಪೆಯಾಗುತ್ತದೆ, ಸೀಗಡಿ ತಡವಾಗಿ ಬರುತ್ತದೆ, ಅಷ್ಟರಲ್ಲಿ ಗುಳಿಗೆ ನೀರಲ್ಲಿ ಕರಗತೊಡಗುತ್ತದೆ.

ಫೀಡ್ ಮಿಲ್‌ನವರು ಹೈಡ್ರೊಲೈಸೇಟ್ ಹಾಕುವುದು ಚೂರುಪಾರು, ನೂರಕ್ಕೆ ಕೆಲವೇ ಕೆಜಿ. ಸಾರಿಗೆ ಒಗ್ಗರಣೆ ಹಾಕಿದ ಹಾಗೆ. ಒಗ್ಗರಣೆ ಚೆನ್ನಾಗಿದ್ದರೆ ಬ್ಯಾಳಿ ಜಾಸ್ತಿ ಹೋಗುತ್ತದೆ ಅಲ್ವಾ? ಇಲ್ಲೂ ಅದೇ. ಹೈಡ್ರೊಲೈಸೇಟ್ ಅಗ್ಗವಾದರೆ ದುಬಾರಿ ಮೀನುಪುಡಿ ಕಮ್ಮಿ ಮಾಡಿ ಆ ಜಾಗಕ್ಕೆ ಸೋಯಾ ತುಂಬಲು ಮಿಲ್‌ಗೆ ಧೈರ್ಯ ಬರುತ್ತದೆ. ಹಾಗಾಗಿ ಈ ಸುಂಕ ಇಳಿಕೆಯಿಂದ ನೇರವಾಗಿ ಏಟು ತಿನ್ನಬೇಕಾದದ್ದು ಮೀನುಪುಡಿ. ಸೋಯಾಗೆ ಅದರಿಂದ ನಷ್ಟಕ್ಕಿಂತ ಲಾಭದ ಸಾಧ್ಯತೆಯೇ ಹೆಚ್ಚು.

ಮೀನುಪುಡಿಯನ್ನು ಕಮ್ಮಿ ಮಾಡಬೇಕಾದ ಕಾರಣವೂ ಇದೆ. ಪೆರುವಿನ ಸಮುದ್ರದಲ್ಲಿ ನೀರು ಬಿಸಿಯಾಗುವ ಎಲ್ ನಿನೊ ಬಂದು, ಮೀನುಪುಡಿಗೆ ಹಿಡಿಯುವ ಆಂಚೋವಿ ಮೀನಿನ 2023ರ ಮೊದಲ ಹಂಗಾಮೇ ರದ್ದಾದಾಗ ಜಗತ್ತಿನ ಮೀನುಪುಡಿ ದರ ಜಿಗಿಯಿತು. ನಮ್ಮ ಕರಾವಳಿಯಲ್ಲೂ ಮೀನುಪುಡಿ ಕಾರ್ಖಾನೆಗಳಿವೆ, ಅವಕ್ಕೆ ಹೋಗುವುದು ಜನ ತಿನ್ನುವ ಬೂತಾಯಿಯೇ. ಯಾರ ತಟ್ಟೆಯ ಮೀನು ಯಾರ ಹೊಂಡಕ್ಕೆ ಅನ್ನುವ ಜಗಳ ಅಲ್ಲಿ ಮುಗಿದಿಲ್ಲ.

ಯಾರ ವಾದ ಏನು

ಫೀಡ್ ಮಿಲ್ ಮತ್ತು ರಫ್ತುದಾರರ ವಾದ ಸರಳ: ಕಚ್ಚಾ ಸರಕು ಎಲ್ಲಿ ಅಗ್ಗವೋ ಅಲ್ಲಿಂದ ತರಲು ಬಿಡಿ, ಇಲ್ಲದಿದ್ದರೆ ಸೀಗಡಿ ರಫ್ತಿನಲ್ಲಿ ಮುಂದಿರುವ ಈಕ್ವೆಡಾರ್ ಜೊತೆ ಪೈಪೋಟಿ ಸಾಧ್ಯವಿಲ್ಲ. ಸೋಯಾ ಬೆಳೆಗಾರರು ಇದನ್ನು ನಂಬುವುದಿಲ್ಲ, ಅದಕ್ಕೆ ಹಳೆ ಗಾಯ ಇದೆ. 2021ರಲ್ಲಿ ಸೋಯಾ ದರ ಎಂದೂ ಇಲ್ಲದಷ್ಟು ಏರಿದಾಗ ಕೋಳಿ ಮತ್ತು ಫೀಡ್ ಉದ್ಯಮದ ಒತ್ತಾಯಕ್ಕೆ ಕೇಂದ್ರ ಆಗಸ್ಟ್‌ನಲ್ಲಿ 12 ಲಕ್ಷ ಟನ್ ಜಿಎಂ (ಕುಲಾಂತರಿ) ಸೋಯಾ ಹಿಂಡಿ ಆಮದಿಗೆ ಅನುಮತಿ ಕೊಟ್ಟಿತು. ಹೊಸ ಬೆಳೆ ಗಂಜ್‌ಗೆ ಬರುವ ಹೊತ್ತಿಗೆ ದರ ಇಳಿದಿತ್ತು. ದರ ಏರಿದಾಗ ಬಾಗಿಲು ತೆರೀತೀರಿ, ಬಿದ್ದಾಗ ಸುಮ್ಮನಿರ್ತೀರಿ ಅನ್ನುವ ಅವರ ದೂರಿಗೆ ಉತ್ತರ ಕೊಡುವುದು ಸುಲಭವಲ್ಲ.

ಆದರೆ 2025ರ ಸೋಯಾ ದರ ಕುಸಿತಕ್ಕೆ ಸೀಗಡಿಯನ್ನು ಬೈಯುವುದೂ ಸರಿಯಲ್ಲ. ಸೋಯಾ ಹಿಂಡಿಯ ದೊಡ್ಡ ಗಿರಾಕಿ ಕೋಳಿ. ಆ ಗಿರಾಕಿಗೆ ಈಗ ಅಗ್ಗದ ಬದಲಿ ಸಿಕ್ಕಿದೆ: ಅಕ್ಕಿ, ಗೋವಿನಜೋಳದಿಂದ ಎಥೆನಾಲ್ ತೆಗೆದ ಮೇಲೆ ಉಳಿಯುವ ಡಿಡಿಜಿಎಸ್ ಎಂಬ ಒಣ ಗಷ್ಟು. ಪೆಟ್ರೋಲ್‌ಗೆ ಎಥೆನಾಲ್ ಬೆರೆಸುವುದು ಹೆಚ್ಚಿದಷ್ಟೂ ಈ ಗಷ್ಟು ಹೆಚ್ಚಾಯಿತು, ಅದು ಸೋಯಾ ಹಿಂಡಿಯನ್ನು ಪಕ್ಕಕ್ಕೆ ತಳ್ಳಿತು. ಬಂಕ್‌ನಲ್ಲಿ ಹಾಕಿಸುವ ಪೆಟ್ರೋಲ್‌ಗೂ ಬೀದರ್‌ನ ಸೋಯಾ ದರಕ್ಕೂ ನಂಟು ಇರುವುದು ಹೀಗೆ.

ಫೀಡ್ ಮಿಲ್ ಮತ್ತು ಸೋಯಾ ಬೆಳೆಗಾರರ ಈ ಜಗಳದ ನಡುವೆ ಚೆನ್ನೈನ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆ, ಎಲ್ಲರ ಬಾಯಲ್ಲಿ ಸಿಬಾ, ದೇಶಿ ಸಾಮಾನುಗಳಿಂದಲೇ ವನ್ನಾಮಿ ಪ್ಲಸ್ ಎಂಬ ಫೀಡ್ ಮಾಡಿ ತೋರಿಸಿದೆ. ಅಂದರೆ ದೇಶಿ ದಾರಿ ಇದೆ. ಅದರಲ್ಲೂ ಸಮುದ್ರದ ಸರಕು ಪೂರ್ತಿ ಬಿಟ್ಟಿಲ್ಲ, ಬಿಡುವುದು ಯಾಕೆ ಕಷ್ಟ ಅಂತ ಮೇಲೆ ನೋಡಿದೆವು.

ಜಾಸ್ತಿ ಪ್ರೋಟೀನ್ ನಮ್ಮ ಬಿಸಿಲಿಗೆ ಆಗದು

ಗೊಂದಲದಲ್ಲಿ ರೈತ ಕೊನೆಗೆ ಮಾಡುವುದೇನು? ಇರಲಿ ಅಂತ ಜಾಸ್ತಿ ಪ್ರೋಟೀನಿನ ಚೀಲವನ್ನೇ ಎತ್ತಿಕೊಳ್ಳುತ್ತಾನೆ. ಕಲಬುರಗಿ, ಯಾದಗಿರಿ ಹೊಂಡಗಳಲ್ಲಿ ಇದು ದುಡ್ಡು ಕಳೆಯುವುದಷ್ಟೇ ಅಲ್ಲ, ಸೀಗಡಿಯನ್ನೂ ಕಳೆಯುವ ದಾರಿ.

ಲೆಕ್ಕ ಹಾಕಿ ನೋಡಿ. ಶೇ 36 ಪ್ರೋಟೀನಿನ 100 ಕೆಜಿ ಫೀಡಿನಲ್ಲಿ ಸಾರಜನಕ 5.76 ಕೆಜಿ. ಸೀಗಡಿಯ ಮೈ ಸೇರುವುದು ಅದರಲ್ಲಿ ಸುಮಾರು ಕಾಲು ಭಾಗ. ಉಳಿದ ನಾಲ್ಕು ಕೆಜಿಗೂ ಜಾಸ್ತಿ ಹೊಂಡದಲ್ಲೇ ಉಳಿಯುತ್ತದೆ, ಅದರಲ್ಲಿ ಬಹುಪಾಲು ಅಮೋನಿಯಾ ರೂಪದಲ್ಲಿ. ಅಮೋನಿಯಾದಲ್ಲಿ ಎರಡು ವೇಷ: ಒಂದು ಅಷ್ಟೇನೂ ತೊಂದರೆ ಕೊಡದ್ದು, ಇನ್ನೊಂದು ವಿಷ. ಯಾವುದು ಎಷ್ಟು ಅನ್ನುವುದು ನೀರಿನ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) ಮತ್ತು ಬಿಸಿಯ ಮೇಲೆ ನಿಂತಿದೆ. 30 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ಶೇ 1ಕ್ಕೂ ಕಮ್ಮಿ. ಪಿಎಚ್ 8 ಆದರೆ ಶೇ 7–8. ಪಿಎಚ್ 9ಕ್ಕೆ ಹೋದರೆ ಹತ್ತಿರ ಹತ್ತಿರ ಅರ್ಧ.

ಈಗ ನಮ್ಮ ನೆಲ ನೆನೆಸಿಕೊಳ್ಳಿ. ಕರಿ ಎರೆ ಭೂಮಿ, ಸವಳು, ಕ್ಷಾರದ ನೀರು. ಏಪ್ರಿಲ್–ಮೇನಲ್ಲಿ 42 ಡಿಗ್ರಿ ಬಿಸಿಲು. ಹಸಿರು ತುಂಬಿದ ಹೊಂಡದಲ್ಲಿ ಮಧ್ಯಾಹ್ನ ಪಾಚಿ ತನ್ನ ಕೆಲಸ ಮಾಡುವಾಗ ಪಿಎಚ್ ಇನ್ನೂ ಏರುತ್ತದೆ. ನೆಲ್ಲೂರಿನಲ್ಲಿ ನಡೆದುಹೋದ ಅದೇ ಚೀಲ ಇಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಸೀಗಡಿಯನ್ನು ಸುಸ್ತು ಮಾಡಬಹುದು. ಪ್ರೋಟೀನ್ ಶೇ 30ಕ್ಕೆ ಇಳಿಸಿ, ಆದರೆ ಆ ಮೂವತ್ತರಲ್ಲಿ ಮಣಿಗಳ ಅಳತೆ ಸರಿ ಇರುವ ಹಾಗೆ ನೋಡಿಕೊಂಡರೆ ಬೆಳವಣಿಗೆ ಅಷ್ಟೇ ಬರುತ್ತದೆ, ಅಮೋನಿಯಾ ಕಮ್ಮಿ.

ಬೆಲ್ಲ ಇಲ್ಲವೇ ಸಕ್ಕರೆ ಕಾರ್ಖಾನೆಯ ಕಾಕಂಬಿ ಹಾಕಿ ಅಮೋನಿಯಾ ಕಟ್ಟಿಹಾಕುವ ಬಯೋಫ್ಲಾಕ್ ಪದ್ಧತಿ ಬಗ್ಗೆ ಬಹಳ ಜನ ಕೇಳಿರುತ್ತಾರೆ. ಬೀದರ್‌ನಲ್ಲಿ ಬೆಲ್ಲಕ್ಕೇನು ಬರ. ಸಕ್ಕರೆ ತಿಂದ ಬ್ಯಾಕ್ಟೀರಿಯಾ ಅಮೋನಿಯಾವನ್ನೂ ಎಳೆದುಕೊಂಡು ಬೆಳೆಯುತ್ತದೆ, ಆ ಬ್ಯಾಕ್ಟೀರಿಯಾ ಮುದ್ದೆಯನ್ನು ಸೀಗಡಿ ತಿನ್ನುತ್ತದೆ, ಹೋದ ಪ್ರೋಟೀನ್ ಸ್ವಲ್ಪ ವಾಪಸ್ ಬರುತ್ತದೆ. ಕೇಳಲು ಚೆಂದ. ಆದರೆ 1 ಕೆಜಿ ಅಮೋನಿಯಾ ಸಾರಜನಕಕ್ಕೆ ಸುಮಾರು 20 ಕೆಜಿ ಸಕ್ಕರೆ–ಪಿಷ್ಟ ಬೇಕು, ಮತ್ತು ಆ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕ ಹೀರುತ್ತದೆ. ರಾತ್ರಿ ಎರಡು ತಾಸು ಕರೆಂಟ್ ಹೋಗಿ ನೀರಿಗೆ ಗಾಳಿ ತುಂಬುವ ಏರೇಟರ್ ನಿಂತರೆ ಬೆಳಿಗ್ಗೆ ಹೊಂಡ ಖಾಲಿ. ಜನರೇಟರ್ ಇಲ್ಲದವರು ಇದಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಚುನ್ನಿ, ಶೇಂಗಾ ಹಿಂಡಿ ಕೊಟ್ಟರೆ ಆಗದಾ?

ಕಲಬುರಗಿಯಲ್ಲಿ ದಾಲ್ ಮಿಲ್‌ಗಳಿಗೆ ಬರವಿಲ್ಲ, ಬೇಳೆ ಒಡೆದಾಗ ಉಳಿಯುವ ಸಿಪ್ಪೆ–ನುಚ್ಚಿನ ಚುನ್ನಿಗೂ ಬರವಿಲ್ಲ. ದನಕ್ಕೆ ಅದು ಮೃಷ್ಟಾನ್ನ. ಸೀಗಡಿಗೆ ಅಲ್ಲ, ಸಿಪ್ಪೆಯ ನಾರನ್ನು ಅರಗಿಸುವ ನಾಲ್ಕು ಕೋಣೆಯ ಹೊಟ್ಟೆ ಅದಕ್ಕಿಲ್ಲ. ಶೇಂಗಾ ಹಿಂಡಿಯಲ್ಲಿ ಪ್ರೋಟೀನ್ ಚೆನ್ನಾಗಿದೆ, ಆದರೆ ಲೈಸಿನ್, ಮೆಥಿಯೋನಿನ್ ಎರಡೂ ಕಮ್ಮಿ, ಹಸಿ ಹತ್ತಿದರೆ ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ಬೇರೆ. ಯಾದಗಿರಿಯ ಹತ್ತಿಕಾಳು ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷದ ಅಂಶ ಇದೆ. ಹಸಿ ಸೋಯಾವನ್ನು ಸುಮ್ನೆ ಬೀಸಿ ಹಾಕುವುದಂತೂ ಬೇಡವೇ ಬೇಡ, ಜೀರ್ಣ ತಡೆಯುವ ಅಂಶ ಅದರಲ್ಲಿದೆ, ಬಿಸಿ ತಾಗಿದರೇ ಅದು ಹೋಗುವುದು.

ಗಮನಿಸಬೇಕಾದದ್ದು ಎಳ್ಳು ಹಿಂಡಿ. ಅದರಲ್ಲಿ ಮೆಥಿಯೋನಿನ್ ಹೇರಳ, ಲೈಸಿನ್ ಕಮ್ಮಿ. ಸೋಯಾಗೆ ಸರಿ ಉಲ್ಟಾ. ಎರಡೂ ಸೇರಿದರೆ ರೊಟ್ಟಿ–ಬ್ಯಾಳಿ ಜೋಡಿ. ಸ್ಕ್ಯಾಂಪಿ ಹೊಂಡಕ್ಕೆ ಊರಲ್ಲೇ ಫೀಡ್ ಮಾಡಿಕೊಳ್ಳುವವರು ಸೋಯಾ ಹಿಂಡಿ, ಎಳ್ಳು ಹಿಂಡಿ, ತೌಡು, ಸ್ವಲ್ಪ ಮೀನುಪುಡಿ, ಅಂಟಿಗೆ ಬೇಯಿಸಿದ ಗೋಧಿ ಹಿಟ್ಟು, ಈ ಸಾಲಿನಲ್ಲಿ ಯೋಚಿಸಬಹುದು. ಮೀನುಪುಡಿಯನ್ನು ಪೂರ್ತಿ ತೆಗೆದರೆ ಕೊಲೆಸ್ಟ್ರಾಲ್ ಎಲ್ಲಿಂದ ಅನ್ನುವ ಪ್ರಶ್ನೆಗೆ ಹೊಂಡದ ತಳದ ಹುಳ–ಬಸವನಹುಳುಗಳೇ ಉತ್ತರ ಕೊಡಬೇಕು, ಮರಿ ಒತ್ತೊತ್ತಾಗಿ ಬಿಟ್ಟ ಹೊಂಡದಲ್ಲಿ ಅವು ಸಾಲುವುದಿಲ್ಲ.

ಮುಂದೆ ಏನಾಗಬಹುದು

ಸೀಗಡಿ ಫೀಡಿಗೆ ಸೋಯಾ ಇನ್ನೂ ಸ್ವಲ್ಪ ಜಾಸ್ತಿ ಹೋಗುತ್ತದೆ. ಆದರೆ ಅದರಿಂದಲೇ ಬೀದರ್ ಗಂಜ್‌ನ ದರ ಬೆಂಬಲ ಬೆಲೆ ಮುಟ್ಟುತ್ತದೆ ಅನ್ನುವ ಆಸೆ ಬೇಡ, ಆ ದರ ಕೋಳಿಯ ಕೈಯಲ್ಲಿದೆ, ಎಣ್ಣೆಯ ಕೈಯಲ್ಲಿದೆ, ಪಕ್ಕದ ಲಾತೂರಿನ ಎಣ್ಣೆ ಮಿಲ್‌ಗಳ ಕೈಯಲ್ಲಿದೆ. ಲಾಭ ಬರುವುದು ಕಾಳಿನಲ್ಲಿ ಅಲ್ಲ, ಕಾಳು ಒಡೆದ ಮೇಲೆ: ಎಣ್ಣೆ, ಹಿಂಡಿ, ಲೆಸಿಥಿನ್. ಫೀಡ್ ಮಿಲ್‌ಗಳು ಬಹುಪಾಲು ಆಂಧ್ರ ಕರಾವಳಿಯಲ್ಲಿವೆ, ನಮ್ಮ ಸೀಗಡಿ ಸಾಕುವವ ಚೀಲಕ್ಕೆ ಲಾರಿ ಬಾಡಿಗೆಯನ್ನೂ ಸೇರಿಸಿ ಕೊಡುತ್ತಾನೆ.

ಹಾಗಾಗಿ ಚೀಲದ ದರಕ್ಕಿಂತ ಒಂದು ಕೆಜಿ ಸೀಗಡಿಗೆ ಎಷ್ಟು ಫೀಡ್ ಹೋಯಿತು ಅನ್ನುವುದು ಮುಖ್ಯವಾಗುತ್ತದೆ. ಲೆಕ್ಕಕ್ಕೆ ಹೇಳುವುದಾದರೆ, ಕೆಜಿಗೆ ₹90ರ ಫೀಡ್ 1.3 ಕೆಜಿ ಹೋದರೆ ಖರ್ಚು ₹117. ₹75ರ ಅಗ್ಗದ್ದು 1.7 ಕೆಜಿ ಹೋದರೆ ₹127.50. ಅಗ್ಗದ್ದೇ ತುಟ್ಟಿ, ಮೇಲೆ ಹೊಂಡದ ತಳದಲ್ಲಿ ಕೊಳೆ ಬೇರೆ.

ಇದನ್ನು ತಿಳಿಯಲು ಲ್ಯಾಬ್ ಬೇಕಿಲ್ಲ. ಗಾಜಿನ ಲೋಟದ ನೀರಿಗೆ ಹತ್ತು ಗುಳಿಗೆ ಹಾಕಿ ಎರಡು ತಾಸು ಬಿಡಿ. ಅಷ್ಟರಲ್ಲಿ ಅರಳಿ ಹಿಟ್ಟಾದರೆ ಆ ಫೀಡ್ ಬೇಡ, ಯಾಕೆಂದರೆ ಸೀಗಡಿ ಮೀನಿನ ಹಾಗೆ ಗುಳುಂ ಅನ್ನಿಸುವುದಿಲ್ಲ, ಸಣ್ಣ ಚಿಮಟದಲ್ಲಿ ಗುಳಿಗೆ ಹಿಡಿದು ಮಗು ಚಕ್ಕುಲಿ ಕಡಿದ ಹಾಗೆ ನಿಧಾನವಾಗಿ ಅಂಚಿನಿಂದ ಕಡಿಯುತ್ತದೆ. ಆಮೇಲೆ ಹೊಂಡದಲ್ಲಿ ಫೀಡ್ ಹಾಕಿ ಮುಳುಗಿಸಿಟ್ಟ ಚೆಕ್ ಟ್ರೇ ಎತ್ತಿ ನೋಡಿ. ಟ್ರೇನಲ್ಲಿ ಫೀಡ್ ಇಲ್ಲ, ಸೀಗಡಿಯ ಬೆನ್ನುದ್ದಕ್ಕೂ ಕರುಳಿನ ಕಪ್ಪು ಗೆರೆ ತುಂಬಿದೆ ಅಂದರೆ ಅಳತೆ ಸರಿ ಇದೆ. ಫೀಡ್ ಉಳಿದು ಗೆರೆ ಅಲ್ಲಲ್ಲಿ ತುಂಡಾಗಿದ್ದರೆ ಮರುದಿನದ ಅಳತೆ ಇಳಿಸಿ, ಮಧ್ಯಾಹ್ನದ ಪಿಎಚ್ ಒಮ್ಮೆ ನೋಡಿ, ಚೀಲ ಬದಲಿಸುವ ಮಾತು ಅದಾದ ಮೇಲೆ.